ಗೋಡೆಯ ತೇವ ಅಳೆಯುವ ಮೀಟರ್: ಬಾಡಿಗೆ ಮನೆಯವರು ಕೊಳ್ಳಬಹುದಾ?

ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಓನರ್ ಬಾಯಿಂದ ಮೊದಲು ಬರುವ ಮಾತು, "ನೀವು ಕಿಟಕಿ ತೆಗೆಯಲ್ಲ, ಬಟ್ಟೆ ಒಳಗೇ ಒಣಗಿಸ್ತೀರಿ." ನಮ್ಮ ಓನರ್ ಕೂಡ ಹಾಗೇ ಅಂದರು. ಮಗಳು ಮಲಗುವ ಕೋಣೆಯಲ್ಲಿ ಪೇಂಟ್ ಗುಳ್ಳೆ ಎದ್ದು ಹೆಕ್ಕಳ ಹೆಕ್ಕಳವಾಗಿ ಉದುರುತ್ತಿತ್ತು. ಬೀರುವಿನ ಹಿಂಬದಿಯ ಹಲಗೆ ಮೆತ್ತಗಾಗಿತ್ತು. ಬಾಯಿಮಾತಿನ ಜಗಳದಿಂದ ಏನೂ ಆಗಲ್ಲ ಅನ್ನಿಸಿ ಈ ಮೀಟರ್ ತರಿಸಿದೆ.

ನೋಡಲು ದಪ್ಪ ಪೆನ್ನಿನ ಹಾಗಿದೆ. ತುದಿಯಲ್ಲಿ ಎರಡು ಚೂಪು ಪಿನ್. ಗೋಡೆಗೆ ಒತ್ತಿದರೆ ಒಂದು ಪಿನ್‌ನಿಂದ ಇನ್ನೊಂದಕ್ಕೆ ತುಂಬಾ ಸಣ್ಣ ಕರೆಂಟ್ ಹರಿಯುತ್ತದೆ. ತೇವ ಜಾಸ್ತಿ ಇದ್ದಷ್ಟೂ ಕರೆಂಟ್ ಸಲೀಸಾಗಿ ಹರಿಯುತ್ತದೆ, ಸಂಖ್ಯೆ ಏರುತ್ತದೆ. ಬಳಸುವುದು ಇಷ್ಟೇ ಸುಲಭ. ಆದರೆ ಅದು ತೋರಿಸುವ ಸಂಖ್ಯೆಯನ್ನು ಹೇಗೆ ಓದಬೇಕು ಅನ್ನುವುದು ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಸರಿಯಾಗಿಲ್ಲ.

ಇಂಥ ಮೀಟರ್‌ಗಳ ಲೆಕ್ಕ ಇರುವುದು ಮರಕ್ಕೆ. ಮರದಲ್ಲಿ ಶೇ 20 ದಾಟಿದರೆ ಕೊಳೆಯುವ ಭಯ ಶುರುವಾಗುತ್ತದೆ. ಗಾರೆ ಗೋಡೆಯ ಮೇಲೆ 28 ಬಂತು ಅಂದರೆ ಗೋಡೆಯಲ್ಲಿ ಶೇ 28 ನೀರಿದೆ ಅಂತಲ್ಲ. ಅದೇ ಮನೆಯ ಒಣ ಗೋಡೆಯ ಸಂಖ್ಯೆಯ ಜೊತೆ ಹೋಲಿಸಿ ನೋಡಬೇಕು, ಅಷ್ಟೇ.

ನಾನು ಪೆನ್ಸಿಲ್‌ನಿಂದ ಗೋಡೆಯ ಮೇಲೆ ಒಂದೊಂದು ಅಡಿಗೆ ಒಂದು ಚುಕ್ಕೆ ಹಾಕಿದೆ. ಪ್ರತಿ ಚುಕ್ಕೆಗೂ ಪಿನ್ ಒತ್ತಿ ಪಕ್ಕದಲ್ಲೇ ಸಂಖ್ಯೆ ಬರೆದೆ. ಬರೆಯುತ್ತಾ ಹೋದಂತೆ ಚಿತ್ರ ತಾನಾಗಿ ಮೂಡಿತು. ಕಿಟಕಿ ಕಡೆಯ ಮೂಲೆಯಲ್ಲಿ ಒಣ ಗೋಡೆಯಷ್ಟೇ ಸಂಖ್ಯೆ. ಬಚ್ಚಲಿನ ಕಡೆಗೆ ಬಂದಂತೆ ಏರಿಕೆ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಮೊಣಕಾಲಿನ ಎತ್ತರದಲ್ಲಿ, ನಲ್ಲಿಯ ಪೈಪ್ ಗೋಡೆಯೊಳಗೆ ಹೋಗುವ ಜಾಗದ ಸುತ್ತ. ಒಳಗಿನ ಹಬೆಯಿಂದ ಆಗಿದ್ದರೆ ಮೊದಲು ಒದ್ದೆಯಾಗಬೇಕಿದ್ದದ್ದು ತಣ್ಣಗಿರುವ ಹೊರಗೋಡೆಯ ಮೂಲೆ, ಅಲ್ವಾ?

ಮೀಟರ್ ಒಂದನ್ನೇ ನಂಬಲಿಲ್ಲ. ಮನೆಯ ಎಲ್ಲ ನಲ್ಲಿ ಮುಚ್ಚಿ, ಯಾರೂ ನೀರು ಬಳಸದಂತೆ ನೋಡಿಕೊಂಡು, ನೀರಿನ ಮೀಟರ್ ಮುಂದೆ ನಿಂತೆ. ಅದರ ಪುಟ್ಟ ಚಕ್ರ ನಿಧಾನವಾಗಿ ತಿರುಗುತ್ತಲೇ ಇತ್ತು. ಸೋರುತ್ತಿರುವುದು ನೀರು ಬರುವ ಪೈಪ್ ಅಂತ ಅಲ್ಲಿಗೆ ಖಾತ್ರಿಯಾಯಿತು. ಕೊಳಚೆ ಹೋಗುವ ಪೈಪ್ ಸೋರಿದರೆ ಚಕ್ರ ತಿರುಗಲ್ಲ, ಅದು ನೆನಪಿರಲಿ.

ಪೆನ್ಸಿಲ್ ಗುರುತಿನ ಫೋಟೋ, ಚಕ್ರದ ವಿಡಿಯೋ, ತಾರೀಖು ಎಲ್ಲ ಸೇರಿಸಿ ಓನರ್‌ಗೆ ಪತ್ರ ಬರೆದೆ. ಪ್ಲಂಬರ್ ಬಂದು ಗಾರೆ ಒಡೆದಾಗ ಪೈಪ್‌ನ ಜಾಯಿಂಟ್ ಜಿನುಗುತ್ತಿತ್ತು. ರಿಪೇರಿ ಖರ್ಚು ಅವರೇ ಕೊಟ್ಟರು. ಪೇಂಟ್ ಖರ್ಚನ್ನು ಮಾತ್ರ ನಮ್ಮ ಡೆಪಾಸಿಟ್‌ನಲ್ಲಿ ಹಿಡಿಯುತ್ತೇನೆ ಅಂತಿದ್ದಾರೆ. ಅದನ್ನು ನಾನು ಒಪ್ಪಿಲ್ಲ, ಒಪ್ಪಿಲ್ಲ ಅನ್ನುವುದನ್ನೂ ಬರೆದೇ ಕೊಟ್ಟಿದ್ದೇನೆ.

ಒಣ ಗೋಡೆ ಕೇಳುವುದು ದೊಡ್ಡ ಬೇಡಿಕೆ ಏನಲ್ಲ. ಮನೆ ಅಂದರೆ ಚಳಿ, ತೇವ, ಸೆಕೆ, ಮಳೆಯಿಂದ ಕಾಪಾಡುವಂತಿರಬೇಕು ಎಂದು ವಿಶ್ವಸಂಸ್ಥೆಯ ಸಮಿತಿ 1991ರಲ್ಲೇ ಹೇಳಿದೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ವರದಿಯಲ್ಲಿ ಬರೆದಿದೆ. ಬಾಡಿಗೆ ಕಾನೂನು ಒಂದೊಂದು ಕಡೆ ಒಂದೊಂದು ಥರ. ಆದರೂ ಗೋಡೆ, ಸೂರು, ಪೈಪ್ ಓನರ್ ಹೊಣೆ, ದಿನದ ಬಳಕೆಯ ಸಣ್ಣಪುಟ್ಟದ್ದು ಬಾಡಿಗೆದಾರರದು ಅನ್ನುವುದು ಸಾಮಾನ್ಯವಾಗಿ ಕಾಣುವ ಹಂಚಿಕೆ. ನಿಮ್ಮ ಕರಾರು ಪತ್ರದಲ್ಲಿ ಏನಿದೆ ನೋಡಿಕೊಳ್ಳಿ. ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಎಷ್ಟೋ ಕಡೆ ಬಾಡಿಗೆ ಬಾಕಿ ಉಳಿದರೆ ಅದೇ ಮನೆ ಬಿಡಿಸಲು ಕಾರಣವಾಗುತ್ತದೆ. ನಮ್ಮ ರಿಪೇರಿಯ ಮಾತು ಆಮೇಲೆ ಯಾರೂ ಕೇಳಲ್ಲ.

ಮೀಟರ್‌ನ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಹಳೇ ತೇವ ಗಾರೆಯಲ್ಲಿ ಉಪ್ಪು ಬಿಟ್ಟು ಹೋಗಿರುತ್ತದೆ. ಬಿಳಿ ಪುಡಿ ಎದ್ದಿದ್ದರೆ ಗೋಡೆ ಒಣಗಿದ್ದರೂ ಸಂಖ್ಯೆ ಜಾಸ್ತಿಯೇ ಬರುತ್ತದೆ. ಪಿನ್‌ಗೆ ಒಳಗಿನ ಲೋಹ ತಗುಲಿದರೂ ಹಾಗೇ. ರಿಪೇರಿ ಆದ ಮೇಲೆ ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕಾಗಬಹುದು, ಸಂಖ್ಯೆ ತಕ್ಷಣ ಇಳಿಯಲಿಲ್ಲ ಅಂತ ಗಾಬರಿ ಬೇಡ. ಪಿನ್ ಚುಚ್ಚಿದಲ್ಲಿ ಸಣ್ಣ ತೂತು ಉಳಿಯುತ್ತದೆ. ಚೆನ್ನಾಗಿರುವ ಗೋಡೆಯಲ್ಲಿ ಬೀರುವಿನ ಮರೆಯ ಜಾಗ ನೋಡಿ ಚುಚ್ಚಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಗೋಡೆಯ ಮೇಲೆ ಅಲ್ಯೂಮಿನಿಯಂ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಡಿ. ಹನಿ ಕೋಣೆಯ ಕಡೆ ಕೂತರೆ ತೇವ ಗಾಳಿಯದ್ದು, ಕಿಟಕಿ ತೆಗೆಯುವುದೇ ಔಷಧಿ. ಗೋಡೆಯ ಕಡೆ ಕೂತರೆ ನೀರು ಗೋಡೆಯಿಂದಲೇ ಬರುತ್ತಿದೆ. ಆಗ ಮೀಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಆ ಚೀಟಿಗಾಗಿ.

ಒಂದೇ ಕಟ್ಟಡದಲ್ಲಿ ಬಾಡಿಗೆಗೆ ಇರುವವರೆಲ್ಲ ಸೇರಿ ಒಂದು ಕೊಂಡರೆ ಸಾಕು. ನಮ್ಮದು ಈಗ ಮೇಲಿನ ಮನೆಯವರ ಹತ್ತಿರ ಇದೆ, ಅವರ ಸಿಂಕ್ ಪಕ್ಕದ ಗೋಡೆಯೂ ಉಬ್ಬಿದೆ.