ಮೊದಲ ವರ್ಷಕ್ಕೆ ಯಾವ ತರ್ಕ: ಸಂಕೇತ ತರ್ಕವೋ, ನ್ಯಾಯವೋ?

ಪಿಯುಸಿ ಮುಗಿಸಿ ತತ್ವಶಾಸ್ತ್ರದ ಕಡೆ ಮುಖ ಮಾಡಿರುವ ಕೊಡಗಿನ ವಿದ್ಯಾರ್ಥಿಗಳು ವಾದಗಳನ್ನು ಚಿಹ್ನೆಗಳಲ್ಲಿ ಬರೆದು ಪರೀಕ್ಷಿಸುವ ಸಂಕೇತ ತರ್ಕ, ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ, ಈ ಎರಡರ ನಡುವೆ ತಡವರಿಸುವುದು ಸಹಜ.

ಸಂಕೇತ ತರ್ಕ ನೋಡುವುದು ವಾದದ ಆಕಾರವನ್ನು ಮಾತ್ರ. ‘ಮಳೆ ಬಂದರೆ ಕಾಫಿ ಹೂ ಅರಳುತ್ತದೆ, ಹೂ ಅರಳಿದೆ, ಆದ್ದರಿಂದ ಮಳೆ ಬಂದಿದೆ.’ ಈ ವಾದ ನಿಲ್ಲುವುದಿಲ್ಲ. ಸ್ಪ್ರಿಂಕ್ಲರ್ ನೀರಿಗೂ ಹೂ ಅರಳುತ್ತದೆಂದು ತೋಟದವರು ಬಲ್ಲರು. ಕಾಫಿ ಗಿಡವನ್ನೇ ಕಾಣದವರಿಗೂ ಸತ್ಯಕೋಷ್ಟಕ, ಅಂದರೆ ವಾಕ್ಯಗಳು ನಿಜ ಅಥವಾ ಸುಳ್ಳಾಗುವ ಎಲ್ಲ ಸಾಧ್ಯತೆಗಳ ಪಟ್ಟಿ, ಆ ದೋಷವನ್ನು 4 ಸಾಲುಗಳಲ್ಲಿ ತೋರಿಸುತ್ತದೆ.

ನ್ಯಾಯದರ್ಶನದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ಅರಿಯುವುದು. ಅದಕ್ಕೆ 5 ಅವಯವಗಳು, ಅಂದರೆ ಭಾಗಗಳು: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಈ ಸಂದರ್ಭಕ್ಕೆ ಅನ್ವಯಿಸುವುದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ. ಆದರೆ ಕಂಡದ್ದು ಹೊಗೆಯೇ, ಮಂಜೇ? ಮಡಿಕೇರಿಯಲ್ಲಿ ಬೆಳೆದವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ! ಹೇತುವೇ ಸಂದೇಹದಲ್ಲಿದ್ದರೆ ಅದನ್ನು ಅಸಿದ್ಧವೆಂಬ ಹೇತ್ವಾಭಾಸವಾಗಿ, ಅಂದರೆ ಹೇತುವಿನಂತೆ ತೋರುವ ದೋಷವಾಗಿ, ತಳ್ಳಿಹಾಕುತ್ತಾರೆ. ಆಧಾರವಾಕ್ಯ ನಿಜವೇ ಎಂಬ ವಿಚಾರಣೆಯನ್ನು ಸಂಕೇತ ತರ್ಕ ತನ್ನ ಹೊರಗಿಡುತ್ತದೆ; ನ್ಯಾಯಕ್ಕೆ ಅದೇ ಜೀವಾಳ. ಹಾಗಾಗಿ ಅರಿವು ಹೇಗೆ ಹುಟ್ಟುತ್ತದೆಂಬ ಕುತೂಹಲವಿದ್ದವರನ್ನು ಅದು ಬೇಗ ಸೆಳೆಯುತ್ತದೆ.

ಕಷ್ಟಗಳೂ ಬೇರೆ ಬೇರೆ. ಒಂದರಲ್ಲಿ ಚಿಹ್ನೆಗಳ ಅಭ್ಯಾಸ, ಇನ್ನೊಂದರಲ್ಲಿ ಸಂಸ್ಕೃತ ಪರಿಭಾಷೆ.

ಗಣಕವಿಜ್ಞಾನದತ್ತ ಒಲವಿದ್ದರೆ ಸಂಕೇತ ತರ್ಕವನ್ನೇ ಆರಿಸಿಕೊಳ್ಳಿ. ತತ್ವಶಾಸ್ತ್ರವೇ ಗುರಿಯಾಗಿದ್ದರೂ ಮೊದಲ ಸೆಮಿಸ್ಟರ್‌ಗೆ ನನ್ನ ಆಯ್ಕೆ ಅದೇ, ಏಕೆಂದರೆ ಉತ್ತರ ಸರಿಯೇ ತಪ್ಪೇ ಎಂಬುದನ್ನು ಮನೆಯಲ್ಲಿ ಕುಳಿತು ನೀವೇ ಪರೀಕ್ಷಿಸಿಕೊಳ್ಳಬಹುದು. ನ್ಯಾಯವನ್ನು ಮಾತ್ರ ಒಬ್ಬರೇ ಓದಬೇಡಿ. ಎದುರು ವಾದಿಸುವ ಗೆಳೆಯರೊಬ್ಬರು ಬೇಕೇ ಬೇಕು.