ಓಆರ್‌ಎಸ್ ಪುಡಿ ಪ್ಯಾಕೆಟ್: ಬಣ್ಣದ ಡಬ್ಬಿಗಿಂತ ಇದೇ ವಾಸಿ

ಸಿದ್ದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ನನ್ನದು. ಕಾಫಿ ಕೊಯ್ಲು ಶುರುವಾದರೆ ಆಫೀಸಿನ ಔಷಧಿ ಬೀರುವಿನಲ್ಲಿ ಮೊದಲು ಖಾಲಿಯಾಗುವುದು ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ. ತೋಡಿನ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡವರು, ಲೈನ್ ಮನೆಯ ಮಕ್ಕಳು, ಎಲ್ಲರೂ ಬರುವುದು ನನ್ನ ಹತ್ತಿರವೇ. ಅದಕ್ಕೇ ಈ ರಿವ್ಯೂ.

ಕಂಪನಿ ಯಾವುದಾದರೂ ಇರಲಿ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಫಾರ್ಮುಲಾ ಅಂತ ಬರೆದಿರುವ, ನೀರಿಗೆ ಕಲಸುವ ಪುಡಿ ಪ್ಯಾಕೆಟ್ ಬಗ್ಗೆ ಹೇಳುತ್ತಿದ್ದೇನೆ. ಮೆಡಿಕಲ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ರುಚಿ ಸುಮಾರು. ಆರೆಂಜ್ ಅಂತಾರೆ, ಬಾಯಿಗೆ ಸಿಗುವುದು ಉಪ್ಪು. ಮಕ್ಕಳು ಮುಖ ಹಿಂಡುತ್ತಾರೆ.

ಆದರೆ ಕೆಲಸ ಮಾಡುತ್ತದೆ ನೋಡಿ! ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಗ್ಲೂಕೋಸ್ ಹಾಕಿರುವುದು ಶಕ್ತಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಸಲಿ ಕೆಲಸ ಬೇರೆ. ಕರುಳಿನ ಕೋಶದ ಪೊರೆ ಕೊಬ್ಬಿನದು, ಉಪ್ಪಾಗಲಿ ಸಕ್ಕರೆಯಾಗಲಿ ಅದನ್ನು ಸುಮ್ನೆ ದಾಟಿಕೊಂಡು ಹೋಗುವುದಿಲ್ಲ. ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಅನ್ನುವ ಪ್ರೋಟೀನ್ ಇದೆ. ಅದು ಒಂದು ಗ್ಲೂಕೋಸ್, ಉಪ್ಪಿನಲ್ಲಿರುವ ಸೋಡಿಯಂ ಎರಡು ಒಟ್ಟಿಗೆ ಬಂದರೆ ಮಾತ್ರ ಒಳಗೆ ಸಾಗಿಸುತ್ತದೆ, ನಮ್ಮ ಸ್ಟ್ಯಾಂಡಿನ ಆಟೋ ಸೀಟು ತುಂಬದೆ ಹೊರಡುವುದಿಲ್ಲ ಅಲ್ವಾ, ಹಾಗೆ. ಒಳಗೆ ಬಂದ ಸೋಡಿಯಂ ಅನ್ನು ಕೋಶದ ಇನ್ನೊಂದು ಬದಿಯಲ್ಲಿರುವ ಪಂಪು ರಕ್ತದ ಕಡೆಗೆ ತಳ್ಳುತ್ತಲೇ ಇರುತ್ತದೆ, ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಪ್ರತಿ ಸಲಕ್ಕೆ ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಕಣ) ಖರ್ಚು. ಉಪ್ಪು, ಸಕ್ಕರೆ ಹೋದ ಕಡೆಗೆ ನೀರೂ ಹೋಗುತ್ತದೆ. ಕಾಲರಾದಲ್ಲಿ ಕರುಳು ನೀರು ಸುರಿಸುತ್ತಿದ್ದರೂ ಈ ದಾರಿ ಕೆಡುವುದಿಲ್ಲ. ಬರೀ ನೀರು ಕುಡಿಸಿದರೆ ಸಾಲದು ಅನ್ನುವುದು ಇದಕ್ಕೇ.

ಸಕ್ಕರೆ, ಸೋಡಿಯಂ ಜೊತೆಯಾಗಿ ಹೋಗುತ್ತವೆ ಅಂತ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹರಡಿದಾಗ, ಡ್ರಿಪ್ ಸಾಲದೆ ಬಂದಾಗ, ಬಂಗಾಳದ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಇದೇ ತರಹದ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

ಈಗ ಡಬ್ಬಿ ವಿಷಯ. ಹೋದ ಕೊಯ್ಲಿನಲ್ಲಿ ಪುಡಿ ಖಾಲಿಯಾಗಿತ್ತು, ಅಂಗಡಿಯವರು ಬಣ್ಣದ ಟೆಟ್ರಾ ಪ್ಯಾಕ್ ಕೊಟ್ಟು "ಅದೇ ಸಾರ್, ಕಲಸೋ ಗೋಳಿಲ್ಲ" ಅಂದರು. ಲೈನ್ ಮನೆಯ ಒಂದು ಮಗು ಖುಷಿಯಿಂದಲೇ ಕುಡಿಯಿತು. ಸಂಜೆಗೆ ಭೇದಿ ಇನ್ನೂ ಜಾಸ್ತಿ. ಹಿಂದೆ ಓದಿದರೆ ಸಕ್ಕರೆ ಹಲವು ಪಟ್ಟು, ಉಪ್ಪು ಅಳತೆಗೆ ಸರಿಯಿಲ್ಲ. ಒಳಗೆ ಹೋಗದ ಸಕ್ಕರೆ ಕರುಳಲ್ಲೇ ಉಳಿದು ಮೈಯ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅಷ್ಟೇ ಕಥೆ. ಡಬ್ಲ್ಯುಎಚ್‌ಒ ಕೂಡ ಹಳೆ ಪುಡಿ ಕಲಸಿದ ನೀರಿನ ಗಾಢತೆ (ಕರಗಿದ ಕಣಗಳ ಲೆಕ್ಕ, ಲೀಟರಿಗೆ ಮಿಲಿಆಸ್ಮೋಲ್‌ನಲ್ಲಿ) 311 ಇದ್ದದ್ದನ್ನು 2002ರಲ್ಲಿ 245ಕ್ಕೆ ಇಳಿಸಿತು, ನಮ್ಮ ರಕ್ತದ್ದು ಸುಮಾರು 290, ಅದಕ್ಕಿಂತ ತೆಳುವಾಗಿದ್ದರೆ ನೀರು ಒಳಗೆ ಹೋಗುವುದು ಸುಲಭ. ಇಂಥ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಹಾಕಬಾರದು ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿತು. ತಡವಾಯಿತು, ಆದರೂ ಸರಿ.

ಪುಡಿ ಪ್ಯಾಕೆಟ್ ಮೇಲೂ ನನ್ನ ತಕರಾರಿದೆ. ಒಂದು ಲೀಟರಿನದು ಒಂದು ಸೈಜ್, 200 ಮಿಲಿಯದು ಇನ್ನೊಂದು, ಎರಡೂ ಒಂದೇ ಬಣ್ಣ. ಎಷ್ಟು ನೀರು ಅಂತ ಬರೆದಿರುವುದು ಇರುವೆ ಸಾಲಿನಷ್ಟು ಸಣ್ಣಗೆ, ಅದೂ ಇಂಗ್ಲಿಷ್‌ನಲ್ಲಿ. ದೊಡ್ಡ ಪ್ಯಾಕೆಟನ್ನು ಒಂದೇ ಲೋಟಕ್ಕೆ ಸುರಿದರೆ ಆ ಟೆಟ್ರಾ ಪ್ಯಾಕಿಗಿಂತ ಕೆಟ್ಟದಾಗುತ್ತದೆ. ಅಸ್ಸಾಂನಿಂದ ಬಂದ ಕೆಲಸದವರಿಗೆ ಕನ್ನಡವೂ ಬಾರದು, ಒಂದು ಬಾಟಲಿಯ ಚಿತ್ರ ಹಾಕಿದ್ದರೆ ಸಾಕಿತ್ತು. ನಾನು ಲೀಟರ್ ಬಾಟಲಿಗಳಿಗೆ ಕೆಂಪು ಟೇಪ್ ಸುತ್ತಿ ಪ್ಯಾಕೆಟ್ ಜೊತೆಗೇ ಕೊಡುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿಬಿಡಿ. ಮಕ್ಕಳಿಗಾದರೆ ಆಶಾ ಅಕ್ಕನ ಹತ್ತಿರ ಜಿಂಕ್ ಮಾತ್ರೆಯನ್ನೂ ಕೇಳಿ ಪಡೆಯಿರಿ. ಕಣ್ಣು ಗುಳಿಬಿದ್ದು ಮಗು ಕುಡಿಯುವುದನ್ನೇ ಬಿಟ್ಟರೆ ಪುಡಿ ಕಲಸುತ್ತಾ ಕೂರಬೇಡಿ, ಜೀಪ್ ಹತ್ತಿಸಿ ಆಸ್ಪತ್ರೆಗೆ ಹೋಗಿ.