ತುಕ್ಕು ಬಿಡಿಸಲು ಕರೆಂಟೋ ಕಾಕಂಬಿಯೋ? ಹಳೆಯ ಎಫ್‌ಸಿ ಪಿಕಪ್‌ನ ಎಡ ಬಲಗಳ ಮೇಲೆ ನಡೆಸಿದ ಹೋಲಿಕೆ

ಹಳೆಯ ಪಿಕಪ್ಪನ್ನು ಮನೆಯಂಗಳದಲ್ಲೇ ಸರಿಮಾಡುತ್ತಿದ್ದೇನೆ ಎಂದರೆ ಎಲ್ಲರೂ ಮೊದಲು ವಿಚಾರಿಸುವುದು ಎಂಜಿನ್ ಬಗ್ಗೆ. ಎಂಜಿನ್ ಹೇಗೋ ದಾರಿಗೆ ಬರುತ್ತದೆ, ನಿಜವಾಗಿ ಸತಾಯಿಸುವುದು ತುಕ್ಕು. ನನ್ನದು ಮಹೀಂದ್ರ ಎಫ್‌ಸಿ, ಅಂದರೆ ಫಾರ್ವರ್ಡ್ ಕಂಟ್ರೋಲ್. ಮೂತಿಯೇ ಇಲ್ಲದ, ಚಾಲಕನನ್ನು ಮುಂದಿನ ಆಕ್ಸಲ್ ಮೇಲೆಯೇ ಕೂರಿಸುವ ಜೀಪ್ ಪಿಕಪ್. ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರ ಅಮೆರಿಕದ ವಿಲ್ಲಿಸ್ ಕಂಪನಿಗೆ ರೂಪಿಸಿಕೊಟ್ಟ ಈ ಗಾಡಿ ಅಲ್ಲಿ 1956ರ ಕೊನೆಗೆ ಹೊರಬಂದು 1965ರಲ್ಲಿ ನಿಂತುಹೋಯಿತು. ಇಲ್ಲಿ ಮಹೀಂದ್ರದವರು ಅದನ್ನು ಮುಂದುವರಿಸಿದರು. ಒಳಗಿರುವ 2.2 ಲೀಟರ್‌ನ ಹರಿಕೇನ್ ಪೆಟ್ರೋಲ್ ಎಂಜಿನ್ ನಮ್ಮ ಹಳೆಯ ಜೀಪುಗಳಲ್ಲೂ ಇದ್ದದ್ದೇ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಗ್ಯಾಸ್ಕೆಟ್ಟು, ವಾಲ್ವು ಸಿಗುತ್ತವೆ. ಸಿಗದಿದ್ದನ್ನು ಲೇತ್‌ನವರು ಕಡೆದುಕೊಡುತ್ತಾರೆ.

ಬಾಡಿಯ ತಗಡಿಗೆ ಆ ಭಾಗ್ಯವಿಲ್ಲ. ಎಫ್‌ಸಿ ಬಾಗಿಲಿನ ಆ ಗುಂಡು ಮೂಲೆಯನ್ನು, ಚಕ್ರದ ಮೇಲಿನ ಆ ಬಾಗನ್ನು ಒತ್ತುವ ಅಚ್ಚು ಇಂದು ನಮ್ಮಲ್ಲಿ ಯಾವ ಅಂಗಡಿಯ ಹಿಂದೆಯೂ ಇಲ್ಲ. ಕಾನೂನಿನ ಮಾತೂ ಇದೆ: 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಗಾಡಿಗಳಿಗೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ತಂದಾಗ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು ಎಂಬ ಷರತ್ತನ್ನೂ ಇಟ್ಟಿತು. ಆದ್ದರಿಂದ ಯಾವ ವಿಧಾನವನ್ನೇ ಆಗಲಿ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ. ಇದು ತುಕ್ಕನ್ನಷ್ಟೇ ತೆಗೆಯುತ್ತದೆಯೋ, ಅದರ ಜೊತೆಗೆ ಕಬ್ಬಿಣವನ್ನೂ ಒಯ್ಯುತ್ತದೆಯೋ?

ಎಲ್ಲರ ಮನೆಯಲ್ಲೂ ಸಿಗುವುದು ಆಂಗಲ್ ಗ್ರೈಂಡರ್. ಅದಕ್ಕೆ ತಂತಿ ಬ್ರಷ್ ಸಿಕ್ಕಿಸಿ ಹಿಡಿದರೆ ಹಕ್ಕಳೆ ಎದ್ದ ತುಕ್ಕು ಕ್ಷಣದಲ್ಲಿ ಉದುರುತ್ತದೆ. ನೋಡುವುದಕ್ಕೆ ಕೆಲಸ ಮುಗಿದಂತೆಯೇ ಕಾಣುತ್ತದೆ. ಕ್ಯಾಬಿನ್ ನೆಲದ ಒಂದು ತುಂಡನ್ನು ಹೀಗೆ ಉಜ್ಜಿ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಸಾಸಿವೆ ಗಾತ್ರದ ಕುಳಿಗಳ ತಳದಲ್ಲೆಲ್ಲ ಕಪ್ಪು ಚುಕ್ಕೆ. ತಂತಿ ಕುಳಿಯ ಬಾಯನ್ನು ಸವರುತ್ತದೆಯೇ ಹೊರತು ತಳಕ್ಕೆ ಇಳಿಯುವುದಿಲ್ಲ. ಅದರ ಮೇಲೆ ಬಣ್ಣ ಬಳಿದರೆ ಒಂದು ಮಳೆಗಾಲದಲ್ಲೇ ಗುಳ್ಳೆ ಏಳುತ್ತದೆ. ಗ್ರೈಂಡರ್ ಮೊದಲ ಹಂತಕ್ಕೆ ಸಾಕು. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಇಲ್ಲದೆ ಅದನ್ನು ಮುಟ್ಟಲೇಬಾರದು. ತಂತಿಯ ಎಳೆಗಳು ಹಾರುತ್ತವೆ, ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಉಂಟು.

ಎರಡನೆಯದು ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಮರಳಿನಂಥ ಹರಳುಗಳನ್ನು ಗಾಳಿಯ ಒತ್ತಡದಿಂದ ಹೊಡೆದು ತುಕ್ಕು ಬಿಡಿಸುವುದು. ಚಾಸಿಯ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ದಪ್ಪ ಕಬ್ಬಿಣ, ರಿವೆಟ್ಟಿನ ಸಂದುಗೊಂದು, ವರ್ಷಗಟ್ಟಲೆ ಗ್ರೀಸು ಮಣ್ಣು ಸೇರಿ ಕಲ್ಲಾಗಿದ್ದ ಅಡ್ಡಪಟ್ಟಿಗಳು, ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಬೂದು ಬಣ್ಣಕ್ಕೆ ತಿರುಗಿ ಮನೆಗೆ ಬಂದವು. ಅದೇ ವರ್ಕ್‌ಶಾಪಿಗೆ ಎಡ ಬಾಗಿಲನ್ನೂ ಕೊಟ್ಟಿದ್ದೆ. ಒತ್ತಡ ತಗ್ಗಿಸಿ ಹೊಡೆಯುತ್ತೇವೆ ಎಂದು ಮಾತು ಕೊಟ್ಟಿದ್ದವರು ಚಾಸಿಗೆ ಹೊಡೆದಂತೆಯೇ ಬಾಗಿಲಿಗೂ ಹೊಡೆದಿದ್ದರು. ಬಾಗಿಲು ಅಲೆಅಲೆಯಾಗಿ ವಾಪಸು ಬಂತು. ಹೆಬ್ಬೆರಳಿಂದ ಒತ್ತಿದರೆ 'ಟೊಣ್' ಎಂದು ಒಳಹೋಗಿ, ಬಿಟ್ಟರೆ ಮತ್ತೆ ಹೊರಗೆ ಉಬ್ಬುತ್ತಿತ್ತು. ಇದಕ್ಕೆ ಬಿಸಿಯೇ ಕಾರಣ ಎಂದು ಹಲವರು ಹೇಳುತ್ತಾರೆ. ಮುಖ್ಯ ಕಾರಣ ಪೆಟ್ಟು. ಒಂದೊಂದು ಹರಳೂ ಒಂದು ಸಣ್ಣ ಸುತ್ತಿಗೆಯೇಟು. ಏಟು ಬಿದ್ದ ಮುಖ ಹಿಗ್ಗುತ್ತದೆ, ಹಿಗ್ಗಿದ ತಗಡಿಗೆ ಜಾಗವಿಲ್ಲದೆ ಉಬ್ಬುತ್ತದೆ. ನಮ್ಮೂರ ಟಿಂಕರಿಂಗ್ ಮೇಸ್ತ್ರಿ ಆ ಬಾಗಿಲನ್ನು ಸವರಿ ನೋಡಿ, "ಸಾರ್, ಇನ್ನೊಂದು ಬಾಗಿಲನ್ನು ಮಾತ್ರ ಅಲ್ಲಿಗೆ ಕಳಿಸಬೇಡಿ" ಎಂದರು. ಗ್ಯಾಸ್ ಜ್ವಾಲೆಯಿಂದ ಚುಕ್ಕಿಚುಕ್ಕಿಯಾಗಿ ಕಾಯಿಸಿ, ಒದ್ದೆ ಬಟ್ಟೆ ಒತ್ತಿ, ತಾಳ್ಮೆಯಿಂದ ಅದನ್ನು ಕುಗ್ಗಿಸಿದರು. ಬಹುಪಾಲು ಸರಿಹೋಗಿದೆ. ಕೆಳ ಅಂಚಿನ ಅಲೆಗೆ ಪುಟ್ಟಿಯೇ ಗತಿ.

ಹೀಗೆ ಬಾಡಿಯ ತಗಡಿಗೆ ಉಳಿದದ್ದು ಎರಡು ದಾರಿ: ಸೋಡಾ ನೀರಿನಲ್ಲಿ ಹರಿಸುವ ಕರೆಂಟು ಮತ್ತು ಸಕ್ಕರೆ ತಯಾರಿಯಲ್ಲಿ ಉಳಿಯುವ ಕಪ್ಪು ಪಾಕವಾದ ಕಾಕಂಬಿ. ಗಾಡಿಯ ಎಡ ಬಲಗಳಲ್ಲಿ ಒಂದೇ ಬಗೆಯ ಭಾಗಗಳು, ಹೆಚ್ಚುಕಡಿಮೆ ಒಂದೇ ಬಗೆಯ ತುಕ್ಕು ಇರುವುದರಿಂದ ಹೋಲಿಕೆ ಸಲೀಸಾಯಿತು. ಎಡಗಡೆಯ ಹಿಂಜು, ಕೊಕ್ಕೆ, ಸರಪಳಿ ಕರೆಂಟಿಗೆ, ಬಲಗಡೆಯವು ಕಾಕಂಬಿಗೆ.

ಕರೆಂಟಿನ ಏರ್ಪಾಡು ಸರಳ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ, ಸುತ್ತಲೂ ನಿಲ್ಲಿಸಿದ ಗುಜರಿ ಕಬ್ಬಿಣದ ಕಂಬಿಗಳು, ನಡುವೆ ತೂಗುಬಿಟ್ಟ ತುಕ್ಕಿನ ಭಾಗ. 12 ವೋಲ್ಟಿನ ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ಭಾಗಕ್ಕೆ, ಪಾಸಿಟಿವ್ ಕಂಬಿಗಳಿಗೆ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರೇ ಬೇಕು. ಹೊಸ ಸ್ವಯಂಚಾಲಿತ ಚಾರ್ಜರುಗಳಲ್ಲಿ ಹೆಚ್ಚಿನವು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕೆಲಸ ಶುರುಮಾಡುವುದೇ ಇಲ್ಲ. ಸ್ವಿಚ್ ಹಾಕಿದ ಕೂಡಲೇ ಹಿಂಜಿನ ಮೈಯಿಂದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ, ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಕೆಂಗಂದು ನೊರೆ ಕಟ್ಟುತ್ತದೆ. ಮರುದಿನ ಎತ್ತಿದರೆ ತುಕ್ಕು ಕಪ್ಪು ಮಸಿಯಾಗಿ ನಿಂತಿರುತ್ತದೆ, ಪಾತ್ರೆ ಉಜ್ಜುವ ನಾರಿಗೇ ಬಿಟ್ಟುಬರುತ್ತದೆ. ಹಿಂಜಿನ ಮೇಲೆ ಅಚ್ಚೊತ್ತಿದ್ದ ಭಾಗದ ಸಂಖ್ಯೆ ಮಸಿ ತೊಳೆದಾಗ ಸ್ಪಷ್ಟವಾಗಿ ಮೂಡಿ ಬಂತು. ಅದನ್ನು ಕಂಡಾಗ ಆದ ಸಂತೋಷ ದೊಡ್ಡದು.

ಎಚ್ಚರಿಕೆಯೂ ಅಷ್ಟೇ ಮುಖ್ಯ. ಏಳುವ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತುತ್ತದೆ. ಬಯಲಿನಲ್ಲೇ ಮಾಡಬೇಕು, ಭಾಗವನ್ನು ಮುಟ್ಟುವ ಮೊದಲು ಪ್ಲಗ್ ಕೀಳಬೇಕು. ಕಂಬಿಯ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇಡಲೇಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಇನ್ನೊಂದು ಮಿತಿ ಹಿಂಜಿನಲ್ಲೇ ಕಂಡಿತು. ಕಂಬಿಗೆ ಎದುರಾಗಿದ್ದ ಮುಖ ಶುಭ್ರವಾಗಿತ್ತು, ಮಡಿಕೆಯ ಒಳಗೆ ತುಕ್ಕು ಹಾಗೇ ಕುಳಿತಿತ್ತು. ಕಂಬಿಗೂ ಭಾಗಕ್ಕೂ ನೇರ ನೋಟ ಇಲ್ಲದ ಕಡೆ ಕರೆಂಟು ಸರಿಯಾಗಿ ತಲುಪುವುದಿಲ್ಲ. ಭಾಗವನ್ನು ಮತ್ತೆಮತ್ತೆ ತಿರುಗಿಸಿಡಬೇಕು.

ಇಲ್ಲಿಯೇ ಕಾಕಂಬಿ ಗೆಲ್ಲುವುದು. ನಮ್ಮದು ಮಂಡ್ಯ ಜಿಲ್ಲೆ, ದನದ ಮೇವಿಗೆ ಬೆರೆಸುವ ಕಾಕಂಬಿ ಇಲ್ಲಿ ಅಪರಿಚಿತವೇನಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಭಾಗವನ್ನು ಮುಳುಗಿಸಿದರೆ ಆಯಿತು. ಅದರಲ್ಲಿರುವ ಸಾವಯವ ಪದಾರ್ಥಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸುತ್ತವೆ, ಗಟ್ಟಿ ಕಬ್ಬಿಣದ ತಂಟೆಗೆ ಹೆಚ್ಚು ಹೋಗುವುದಿಲ್ಲ. ದ್ರವ ಹೋಗುವ ಸಂದಿಗೆಲ್ಲ ಕೆಲಸವೂ ಹೋಗುತ್ತದೆ. ಬಲಗಡೆಯ ಹಿಂಜಿನ ಮಡಿಕೆಯ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಬರೀ ಬೂದು ಲೋಹ ಕಂಡಿತು. ಆದರೆ ಆತುರಗಾರರಿಗೆ ಇದು ಆಗದು. ಕರೆಂಟು ರಾತ್ರಿ ಬೆಳಗಾಗುವುದರಲ್ಲಿ ಮಾಡುವುದಕ್ಕೆ ಕಾಕಂಬಿ ವಾರಗಳನ್ನು ಕೇಳುತ್ತದೆ, ಚಳಿಗಾಲದಲ್ಲಿ ಇನ್ನೂ ನಿಧಾನ. ಹುಳಿ ನಾತ, ನೊಣ, ಮೇಲೆ ಬೂಷ್ಟು, ಎಲ್ಲವನ್ನೂ ಮನೆಯವರು ಸಹಿಸಬೇಕು. ಬಣ್ಣ, ಗ್ರೀಸನ್ನು ಅದು ಮುಟ್ಟುವುದಿಲ್ಲ, ಮೊದಲೇ ತೆಗೆದಿರಬೇಕು. ಅಲ್ಯೂಮಿನಿಯಂ ಅಥವಾ ಸತುವಿನ ಭಾಗ ಅದರಲ್ಲಿ ಬಿದ್ದರೆ ತಿಂದೇಬಿಡುತ್ತದೆ.

ವಿನೆಗರ್ ಬೋಲ್ಟು ನಟ್ಟುಗಳಿಗೆ ಪರವಾಗಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ, ತೆಗೆದ ಮೇಲೆ ಸೋಡಾ ನೀರಿನಲ್ಲಿ ತೊಳೆಯಲೇಬೇಕು. ಸ್ಪ್ರಿಂಗುಗಳನ್ನು ವಿನೆಗರಿಗೂ ಕರೆಂಟಿಗೂ ಕೊಡಬಾರದು: ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗುತ್ತದೆ. ನಾನು ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಕೈಯಿಂದಲೇ ಉಜ್ಜಿದೆ.

ಎರಡೂ ವಿಧಾನಗಳ ಸಮಾನ ಶತ್ರು ತೇವ. ತೊಳೆದ ಕಬ್ಬಿಣ ಮಳೆಗಾಲದ ಗಾಳಿಯಲ್ಲಿ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ, ತೆಳುವಾಗಿ ಫಾಸ್ಫಾರಿಕ್ ಆಮ್ಲ ಸವರಿ, ಅದನ್ನು ಪೂರ್ತಿ ತೊಳೆದು ಮತ್ತೆ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯುವುದು ನನಗೆ ಒಗ್ಗಿದ ಕ್ರಮ. ರೆಡ್ ಆಕ್ಸೈಡ್ ಅಗ್ಗ, ಆದರೆ ಅದೊಂದನ್ನೇ ಬಳಿದು ಬಿಟ್ಟರೆ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಸಣ್ಣ ಭಾಗಗಳಿಗೆ ಕರೆಂಟು, ಮಡಿಕೆ ಇರುವುದಕ್ಕೂ ಅಗಲ ತಗಡಿಗೂ ಕಾಕಂಬಿ, ಇದೇ ಈಗ ನಮ್ಮ ಅಂಗಳದ ನಿಯಮ. ಬಲ ಬಾಗಿಲು ಕಾಕಂಬಿಯಿಂದ ಎದ್ದು ಬಂದಿದೆ. ಅಲೆಯಿಲ್ಲ, ಮೇಸ್ತ್ರಿಯವರ ಸುತ್ತಿಗೆಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಕ್ಯಾಬಿನ್ ನೆಲ ಯಾವ ಡ್ರಮ್ಮಿಗೂ ಹಿಡಿಯುವುದಿಲ್ಲ. ಅದಕ್ಕಾಗಿ ಇಟ್ಟಿಗೆ ಕಟ್ಟಿ ಟಾರ್ಪಾಲು ಹಾಸಿದ ತೊಟ್ಟಿಯೊಂದನ್ನು ಸಿದ್ಧಮಾಡಿದ್ದೇನೆ, ಬಿಸಿಲು ಏರಿದ ಮೇಲೆ ತುಂಬಿಸುತ್ತೇನೆ. ಕೆಲಸ ಮುಗಿದ ದ್ರವವನ್ನು ಮಾತ್ರ ಗದ್ದೆಗೂ ಚರಂಡಿಗೂ ಬಿಡುವುದಿಲ್ಲ, ದನಗಳ ಹತ್ತಿರಕ್ಕಂತೂ ಒಯ್ಯುವುದೇ ಇಲ್ಲ. ಹಳೆಯ ಬಣ್ಣದ ಸೀಸ ಅದರಲ್ಲಿ ಸೇರಿರಬಹುದು. ಮುಚ್ಚಳವಿರುವ ಡ್ರಮ್ಮಿಗೆ ತುಂಬಿ ಬೇರೆಯಾಗಿ ಇಟ್ಟಿದ್ದೇನೆ.